ನಾನು ಒಲೆಯಿಂದ ಕೆಳಗಿಳಿಸಿದ ಹುಡುಗಿ

ಬೈಲಹೊಂಗಲ

ಸ್ಲೊವೇನಿಯಾಕ್ಕೆ ಹೊರಟಿದ್ದೇನೆ ಎಂದಾಗ ನಮ್ಮ ಓಣಿಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಯಾರದಾರ್ರಿ?" ಮಗನೋ ಮಗಳೋ ಇದ್ದರೆ ಮಾತ್ರ ವಿಮಾನ ಹತ್ತುವುದು ನಮ್ಮ ಕಡೆಯ ರೂಢಿ. "ಒಬ್ಬಾಕಿ ಅಜ್ಜಿ ಅದಾಳ" ಎಂದೆ. "ಯಾರ ಪೈಕಿ?" ಎಂದರು. ಯಾರ ಪೈಕಿಯೂ ಅಲ್ಲ, ನಾನು ಅವಳನ್ನು ಕಂಡೂ ಇಲ್ಲ ಎಂದಾಗ, ನಿವೃತ್ತಿಯಾದ ಮೇಲೆ ಸರೋಜಾ ಟೀಚರಿಗೆ ತಲೆ ಸ್ವಲ್ಪ ಸಡಿಲಾಗಿದೆ ಎಂಬ ತೀರ್ಮಾನಕ್ಕೆ ಬಂದು ಎಲ್ಲರೂ ಸಮಾಧಾನಪಟ್ಟುಕೊಂಡರು.

ಆ ಅಜ್ಜಿಯ ಹೆಸರು ರೆಜ್ಕಾ. ವಯಸ್ಸು ಎಂಬತ್ತೆರಡು. ಸ್ಲೊವೇನಿಯಾದ ಒಂದು ಹಳ್ಳಿಯಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಕುಳಿತು ಬರೆಯುತ್ತ ಬಂದ ಲೇಖಕಿ. ಅಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿ, ತಾಯಿ ದೂರದ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದರು. ಮಗುವನ್ನು ಬೆಳೆಸಿದ್ದು ಅಜ್ಜಿ. ಆ ಅಜ್ಜಿ ಹೇಳಿದ ಕಥೆ, ಬೈದ ಬೈಗಳು, ಊರವರು ಮನೆಗೆ ಬಂದು ಆಡಿಹೋದ ಗುಟ್ಟು, ಇವೆಲ್ಲ ಕೂಡಿ ತನ್ನನ್ನು ಹೇಗೆ ಬರೆಯುವವಳನ್ನಾಗಿ ಮಾಡಿದವು ಎಂಬುದನ್ನು ಅವರು ಒಂದು ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಅದರ ಇಂಗ್ಲಿಷ್ ಪ್ರತಿ ಹೇಗೋ ನನ್ನ ಕೈಗೆ ಬಂತು. ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ಮನೆಯಲ್ಲಿ ಕುಳಿತವಳಿಗೆ ಕೈ ತುರಿಸುತ್ತಿತ್ತು. ಎರಡು ಮಳೆಗಾಲ ಕುಳಿತು ಅದನ್ನು ಕನ್ನಡಕ್ಕೆ ತಂದೆ.

ಪುಟಗಳೆಲ್ಲ ಸಿದ್ಧವಾದವು. ಬೇಕಾಗಿದ್ದದ್ದು ರೆಜ್ಕಾ ಅವರ ಒಂದು ಸಹಿ. ಅದನ್ನು ಕೇಳಿ ಬರೆದ ಪತ್ರಕ್ಕೆ ಬಂದ ಉತ್ತರ ನಾಲ್ಕೇ ಸಾಲಿನದು. ಹಿಂದೊಮ್ಮೆ ಬೇರೆ ಭಾಷೆಯ ಅನುವಾದಕನೊಬ್ಬ ಅವರ ಅಜ್ಜಿಯ ಬೈಗಳನ್ನೆಲ್ಲ ಅಳಿಸಿ, ಮುದುಕಿಯನ್ನು ಸಾಧ್ವಿಯನ್ನಾಗಿ ಮಾಡಿ ಅಚ್ಚು ಹಾಕಿಸಿಬಿಟ್ಟಿದ್ದನಂತೆ. ಅಂದಿನಿಂದ ಅವರದೊಂದು ನೇಮ. ಅನುವಾದಿಸಿದವರು ಬಂದು ತಮ್ಮೆದುರು ಕುಳಿತುಕೊಳ್ಳಬೇಕು, ತಾವು ಹತ್ತು ಪ್ರಶ್ನೆ ಕೇಳುತ್ತಾರೆ, ಉತ್ತರ ಮನಸ್ಸಿಗೆ ಬಂದರೆ ಸಹಿ. ಇಲ್ಲವಾದರೆ ಪುಸ್ತಕವಿಲ್ಲ. ಎರಡು ಮಳೆಗಾಲದ ಕೆಲಸ ರದ್ದಿಗೆ ಹೋಗಬೇಕು.

ನನಗೇನೂ ಅಂಜಿಕೆ ಇರಲಿಲ್ಲ. ನಾನು ಅಜ್ಜಿಯ ಒಂದು ಬೈಗಳನ್ನೂ ಬಿಟ್ಟಿರಲಿಲ್ಲ. ಬದಲಾಯಿಸಿದ್ದು ಎರಡೇ ಎರಡು ಸಣ್ಣ ಸಂಗತಿ, ಅವೂ ಒಳ್ಳೆಯದಕ್ಕೆ. ಪುಸ್ತಕದಲ್ಲಿ ಪುಟ್ಟ ರೆಜ್ಕಾ ಯಾವಾಗ ನೋಡಿದರೂ ಒಲೆಯ ಮೇಲೆ ಕುಳಿತಿರುತ್ತಾಳೆ, ಒಲೆಯ ಮೇಲೆ ಮಲಗಿರುತ್ತಾಳೆ. ಒಲೆಯ ಮೇಲೆ! ನಮ್ಮಲ್ಲಿ ಒಲೆಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಮಂಗಳವಾರ, ಶುಕ್ರವಾರ ಸಾರಿಸಿ, ಅರಿಶಿನ ಕುಂಕುಮ ಹಚ್ಚುತ್ತೇವೆ. ಇದು ಇಂಗ್ಲಿಷಿನವನ ಎಡವಟ್ಟು ಎಂದು ನಿಶ್ಚಯಿಸಿ ಹುಡುಗಿಯನ್ನು ಎತ್ತಿ ಒಲೆಯ ಪಕ್ಕದ ಕಟ್ಟೆಯ ಮೇಲೆ ಕೂರಿಸಿದೆ. ಇನ್ನೊಂದು, ಈ ಲೇಖಕಿಗೆ ಯಾರೇ ಮನೆಗೆ ಬಂದರೂ ಅವರನ್ನು ನೆತ್ತಿಯಿಂದ ಶುರು ಮಾಡಿ ಬಣ್ಣಿಸುವ ಚಟ. ಬೋಳು, ಸುಳಿ, ಟೋಪಿಯ ಮೇಲಿನ ಧೂಳು. ಓದುವವರಿಗೆ ಬೇಸರವಾದೀತೆಂದು ಅಲ್ಲಲ್ಲಿ ಕತ್ತರಿ ಆಡಿಸಿದೆ. ಎರಡೂ ತಿದ್ದುಪಡಿಗಳ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು.

ನಮ್ಮ ಮನೆಯವರಿಗೆ ಮೊಣಕಾಲು ಶಸ್ತ್ರಚಿಕಿತ್ಸೆ ಆಗಿತ್ತು. ಹಾಗಾಗಿ ಜೊತೆಗೆ ಹೊರಟವರು ನಮ್ಮ ವೈನಿ, ಎಂದರೆ ಅಣ್ಣನ ಹೆಂಡತಿ ನೀಲವ್ವ. ರಾಮದುರ್ಗದಲ್ಲಿ ಹತ್ತು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ರೊಟ್ಟಿ ಮಾಡಿ ಮಾರುವ ಗಟ್ಟಿಗಿತ್ತಿ. ಸವದತ್ತಿ ಗುಡ್ಡ ಮತ್ತು ಪಂಢರಪುರ ಬಿಟ್ಟರೆ ಮೂರನೆಯ ಊರಿಗೆ ಕಾಲಿಟ್ಟವರಲ್ಲ. ಇಂಗ್ಲಿಷ್ ಬಾರದಲ್ಲ ಎಂದರೆ, "ಮೊದಲ ಸವದತ್ತಿಗಿ ಹೋದಾಗ ನನಗ ಮರಾಠಿ ಬರತಿತ್ತೇನ? ಗುಡ್ಡದ ತುಂಬ ಮರಾಠಿ ಮಂದಿ. ಎಲ್ಲಾರ ಕೂಡಾನೂ ಮಾತಾಡಿ ಬಂದೇನಿ" ಎಂದು ಬಾಯಿ ಮುಚ್ಚಿಸಿದರು.

ಲ್ಯುಬ್ಲ್ಯಾನಾ

ದೇಶದ ರಾಜಧಾನಿ ಎಂಬುದನ್ನು ವೈನಿ ನಂಬಲು ಒಪ್ಪಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರೂ ಕೂಗುತ್ತಿಲ್ಲ, ಒಂದು ಹಾರ್ನ್ ಇಲ್ಲ. "ಏನ ಸರೂ, ಊರಾಗ ಯಾರರೆ ಹ್ವಾದಾರೇನ?" ಎಂದು ಪಿಸುಗುಟ್ಟಿದರು. ಎಂ.ಕೆ. ಹುಬ್ಬಳ್ಳಿಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಟೇಪ್ ಹಚ್ಚಿಕೊಂಡು ಸಾಲುಗಟ್ಟುವ ಗದ್ದಲದಲ್ಲಿ ಬದುಕಿದವರಿಗೆ ಅಷ್ಟು ಶಾಂತಿ ಸಹಜವಾಗಿಯೇ ಅನುಮಾನ ಹುಟ್ಟಿಸುತ್ತದೆ.

ಊರ ನಡುವೆ ಗುಡ್ಡ, ಗುಡ್ಡದ ಮೇಲೆ ಕೋಟೆ. ಹತ್ತಿ ನೋಡಿದೆವು. ಒಂದು ಕಲ್ಲೂ ಅಲುಗಿಲ್ಲ, ಒಳಗೆ ಕಾಫಿ ಮಾರುತ್ತಾರೆ. ನಮ್ಮ ಕಿತ್ತೂರಿನ ಕೋಟೆಯಲ್ಲಿ ಅರಮನೆ ಬಿದ್ದು ಬರೀ ಗೋಡೆ ಉಳಿದಿದೆ, ಆದರೂ ಅಲ್ಲಿ ನಿಂತರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಇಲ್ಲಿ ಮೈ ಜುಮ್ಮೆಂದದ್ದು ಗಾಳಿಗೆ. ಇಳಕಲ್ಲ ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಅಣ್ಣನ ಕೋಟು, ತಲೆಗೆ ಮಂಕಿ ಕ್ಯಾಪ್ ತೊಟ್ಟ ವೈನಿಯನ್ನು ನೋಡಲು ಜಪಾನಿನ ಪ್ರವಾಸಿಗರು ಕೋಟೆಯನ್ನು ಬಿಟ್ಟು ನಿಂತರು. ವೈನಿ ಅವರ ಫೋಟೋಕ್ಕೆ ಬೇಸರವಿಲ್ಲದೆ ನಿಂತುಕೊಟ್ಟರು.

ಕೆಳಗಿಳಿದರೆ ಹೊಳೆಯ ದಂಡೆಯ ಸಂತೆಯಲ್ಲಿ ರಾಶಿ ರಾಶಿ ಸೇವಂತಿಗೆ. ಬಿಳಿ, ಹಳದಿ, ಕೆಂದು. ಅಕ್ಟೋಬರ್ ಕೊನೆಯ ವಾರ, ನಮ್ಮಲ್ಲಿಯೂ ಹಬ್ಬದ ಹೂವಿನ ಕಾಲ. ವೈನಿಯ ಮುಖ ಅರಳಿತು. "ನೋಡವಾ, ಇಲ್ಲೂ ದೀಪಾವಳಿ ಬಂದೈತಿ! ಹಿರೇ ಮನಷಾಳ ಮನಿಗಿ ಬರಿಗೈಲೆ ಹೋಗೂದ ಬ್ಯಾಡ" ಎಂದು ದೊಡ್ಡದೊಂದು ಬಿಳಿ ಸೇವಂತಿಗೆಯ ಗೊಂಚಲು ಆರಿಸಿದರು. ಅದರಲ್ಲೇ ಒಂದನ್ನು ಮುರಿದು ಮಂಕಿ ಕ್ಯಾಪಿನ ಸಂದಿಯಿಂದ ತುರುಬಿಗೆ ಸಿಕ್ಕಿಸಿಕೊಂಡರು. ಹೂವಾಡಗಿತ್ತಿ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟು ನೋಡಿದಳು.

ಹಳ್ಳಿಯ ಬಸ್ಸು ಹತ್ತಿದಾಗ ಜನ ನಮಗೆ ತೋರಿಸಿದ ಮರ್ಯಾದೆಯನ್ನು ಏನೆಂದು ಹೇಳಲಿ! ಒಬ್ಬ ಮುದುಕ ಟೋಪಿ ತೆಗೆದು ತಲೆ ಬಾಗಿಸಿದ. ಒಬ್ಬ ಹೆಂಗಸು ಎದ್ದು ಜಾಗ ಕೊಟ್ಟು, ವೈನಿಯ ತೋಳು ಮೆಲ್ಲನೆ ಒತ್ತಿದಳು. "ಎಂಥಾ ಸಂಭಾವಿತ ಮಂದಿ ನೋಡ ಸರೂ. ನಮ್ಮ ಕಡೆ ಬಸ್ಸಿನ್ಯಾಗ ಟವೆಲ್ಲ ಒಗದು ಜಾಗಾ ಹಿಡೀತಾರ" ಎಂದು ವೈನಿ ಕಣ್ಣು ತುಂಬಿಕೊಂಡರು. ಅದನ್ನು ಕಂಡು ಆ ಹೆಂಗಸು ಕರವಸ್ತ್ರ ಕೊಟ್ಟಳು.

ಹಳ್ಳಿ, ಮೊದಲ ದಿನ

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಓದಿದವರು ಹೋಗಿ ಬಾಗಿಲು ಬಡಿದಾರು, ಅವರಿಗೆ ವಯಸ್ಸಾಗಿದೆ.

ಬಸ್ಸಿನಿಂದ ಇಳಿದಾಗ ರೆಜ್ಕಾ ಅವರ ತಮ್ಮನ ಮಗಳು ಮೊಯ್ತ್ಸಾ ಕಾಯುತ್ತಿದ್ದಳು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಮೂರು ದಿನವೂ ನಮ್ಮ ಮಾತನ್ನು ಅತ್ತೆಗೆ, ಅತ್ತೆಯ ಮಾತನ್ನು ನಮಗೆ ಮುಟ್ಟಿಸಿದವಳು ಅವಳೇ. ನಮ್ಮ ಕೈಯ ಹೂ ನೋಡಿ ಬಾಯಿ ತೆರೆದಳು, ವೈನಿಯ ತುರುಬು ನೋಡಿ ಬಾಯಿ ಮುಚ್ಚಿದಳು. ಹೇಳುವುದೋ ಬಿಡುವುದೋ ಎಂದು ಒದ್ದಾಡುತ್ತಲೇ ಮನೆಗೆ ಕರೆದೊಯ್ದಳು.

ಬಾಗಿಲಲ್ಲಿ ರೆಜ್ಕಾ ನಿಂತಿದ್ದರು. ಗಿಡ್ಡ ದೇಹ, ಕೈಯಲ್ಲಿ ಕೋಲು, ಇರಿಯುವಂಥ ನೀಲಿ ಕಣ್ಣು. ವೈನಿ ಎರಡೂ ಕೈಯಿಂದ ಸೇವಂತಿಗೆ ಕೊಟ್ಟು ಕಾಲು ಮುಟ್ಟಿ ನಮಸ್ಕರಿಸಿದರು. ರೆಜ್ಕಾ ಹೂ ನೋಡಿದರು, ನಮ್ಮನ್ನು ನೋಡಿದರು, ಏನೋ ಅಂದರು. ಮೊಯ್ತ್ಸಾ ಕೆಂಪಾಗಿ ಅನುವಾದಿಸಿದಳು: "ಅತ್ತೆ ಹೇಳುತ್ತಿದ್ದಾರೆ, ತಾವಿನ್ನೂ ಬದುಕಿದ್ದಾರಂತೆ."

ಆ ದೇಶದಲ್ಲಿ ಸೇವಂತಿಗೆ ಗೋರಿಯ ಹೂ. ನವೆಂಬರ್ ಮೊದಲ ದಿನ ಸತ್ತವರ ಹಬ್ಬ, ಅದಕ್ಕೆಂದೇ ಸಂತೆಯಲ್ಲಿ ಆ ರಾಶಿ. ಬಸ್ಸಿನವರು ನಮ್ಮ ಮನೆಯಲ್ಲಿ ಸಾವಾಗಿದೆ ಎಂದುಕೊಂಡಿದ್ದರು. ನಾನು ವೈನಿಗೆ ವಿಷಯ ತಿಳಿಸಿದೆ. ಅವರು ನಾಲಿಗೆ ಕಚ್ಚಿಕೊಂಡು, "ಯವ್ವಾ! ಮುತ್ತೈದಿ ಹೂವಂತ ಮುಡಕೊಂಡು ಬಂದೆನಲ್ಲs!" ಎಂದು ತುರುಬಿಗೆ ಕೈ ಹಾಕಿದರು. ರೆಜ್ಕಾ ಆ ಕೈ ಹಿಡಿದು ತಡೆದರು. ಆಮೇಲೆ ನಗಲು ಶುರು ಮಾಡಿದವರು ಕೋಲು ಜಾರಿ ಬಾಗಿಲಿಗೆ ಒರಗುವ ತನಕ ನಿಲ್ಲಿಸಲಿಲ್ಲ. ನನಗೆ ಮಾತ್ರ ನಗು ಬರಲಿಲ್ಲ. ಸಹಿ ಕೇಳಲು ಬಂದವಳು ಹೊಸ್ತಿಲಲ್ಲೇ ಲೇಖಕಿಯ ತಿಥಿ ಮಾಡಿದ್ದೆ.

ಒಳಗೆ ಇನ್ನೊಂದು ಪಂಚಾಯಿತಿ. ಚಪ್ಪಲಿ ಹೊರಗೆ ಬಿಡುವುದು ಅವರಲ್ಲೂ ಉಂಟು ಎಂದು ಖುಷಿಯಾಯಿತು. ಆದರೆ ಬಿಟ್ಟ ಕೂಡಲೇ ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಕೊಡುತ್ತಾರೆ! ಅತಿಥಿಗಳಿಗೆಂದೇ ಬಾಗಿಲ ಬಳಿ ಒಂದು ಸಾಲು ಇಟ್ಟಿರುತ್ತಾರೆ. ಬರಿಗಾಲಲ್ಲಿ ನಿಂತ ಅತಿಥಿ ಎಂದರೆ ಆ ಮನೆಗೆ ಅವಮಾನ. ಚಪ್ಪಲಿ ಮೆಟ್ಟಿ ಮನೆಯೊಳಗೆ ನಡೆಯುವುದೆಂದರೆ ವೈನಿಗೆ ಪಾಪ. "ದೇವರ ಖೋಲಿ ಎಲ್ಲೈತೋ ಏನೋ, ನಾ ಒಲ್ಲೆ" ಎಂದು ತಣ್ಣನೆಯ ನೆಲದ ಮೇಲೆ ಬೆರಳು ಮಡಚಿಕೊಂಡು ನಿಂತರು. ರೆಜ್ಕಾ ಒಳಗೆ ಹೋಗಿ ತಾವೇ ಹೆಣೆದ ದಪ್ಪ ಉಣ್ಣೆಯ ಕಾಲುಚೀಲ ತಂದರು. ಅದು ಚಪ್ಪಲಿಯಲ್ಲ ಎಂದು ವೈನಿಯೂ, ಬರಿಗಾಲಲ್ಲ ಎಂದು ರೆಜ್ಕಾ ಅವರೂ ಒಪ್ಪಿದರು.

ಊಟಕ್ಕೆ ಬಂದದ್ದು ಹಿಟ್ಟು ಬೇಯಿಸಿ ಪುಡಿ ಮಾಡಿದ ಒಂದು ಪದಾರ್ಥ, ಜೊತೆಗೆ ಬಟ್ಟಲು ತುಂಬ ಹುಳಿ ಹಾಲು. ಹಂದಿಯ ಕೊಬ್ಬು ಹಾಕಬೇಡಿ ಎಂದು ನಾನು ಮೊದಲೇ ಬರೆದಿದ್ದೆ. ವೈನಿ ಒಂದು ಚಮಚ ಬಾಯಿಗಿಟ್ಟು, "ಇದ ನಮ್ಮ ನುಚ್ಚು ಮಜ್ಜಿಗಿ. ಇದಕ್ಕ ಇಷ್ಟು ದೂರ ಬರೂದಿತ್ತೇನ?" ಎನ್ನುತ್ತಲೇ ಮೂರು ಸಲ ಹಾಕಿಸಿಕೊಂಡರು. ತಾವು ತಂದ ಕಡಕ ರೊಟ್ಟಿ, ಶೇಂಗಾ ಚಟ್ನಿ ಹರಡಿದರು. ರೆಜ್ಕಾ ರೊಟ್ಟಿ ಮುರಿದ ಸದ್ದಿಗೆ ಕಿವಿಗೊಟ್ಟು, ಇನ್ನೊಂದು ಮುರಿದು ಇನ್ನೊಮ್ಮೆ ಕೇಳಿದರು.

ಆ ಕೋಣೆಯ ಮೂಲೆಯಲ್ಲಿ ಹಸಿರು ಹಂಚು ಬಿಲ್ಲೆ ಹಚ್ಚಿದ ಒಂದು ದೊಡ್ಡ ಚೌಕ ಇತ್ತು. ಆಳೆತ್ತರ, ಮಂಚದಷ್ಟು ಅಗಲ, ಸುತ್ತಲೂ ಕೂರಲು ಮರದ ಹಲಗೆ, ಮೇಲೆ ಕಂಬಳಿ ಹಾಸಿ ಸೇಬಿನ ಹೋಳು ಒಣಹಾಕಿದ್ದರು. ಕಾಳಿನ ಕಣಜ ಇರಬೇಕು ಎಂದು ನಾನೂ ವೈನಿಯೂ ಮಾತಾಡಿಕೊಂಡೆವು.

ಸಂಜೆ ಸೇವಂತಿಗೆಯನ್ನು ಅದರ ಸರಿಯಾದ ಜಾಗಕ್ಕೆ ಮುಟ್ಟಿಸಲು ರೆಜ್ಕಾ ಅವರ ಅಜ್ಜಿಯ ಗೋರಿಗೆ ಹೋದೆವು. ವೈನಿ ಹೂವಿನ ಪಕ್ಕದಲ್ಲಿ ಅರ್ಧ ರೊಟ್ಟಿ, ಚಿಟಿಕೆ ಚಟ್ನಿ ಎಡೆ ಇಟ್ಟರು. ಇದೇನೆಂದು ರೆಜ್ಕಾ ಕೇಳಿದರು. ಹಿರಿಯರಿಗೆ ನಮ್ಮಲ್ಲಿ ಹೀಗೆ ಉಣ್ಣಲು ಇಡುತ್ತೇವೆ ಎಂದೆ. ಅವರು ರೊಟ್ಟಿಯನ್ನು ಗೋರಿಯ ಕಲ್ಲಿನ ಹತ್ತಿರಕ್ಕೆ ಸರಿಸಿ, "ಖಾರ ಎಂದು ಬೈಯುತ್ತಾಳೆ. ಆದರೆ ತಿನ್ನುತ್ತಾಳೆ" ಎಂದರು.

ಎರಡನೆಯ ದಿನ, ತೆನೆಯ ರಾಶಿ

ಬೆಳಿಗ್ಗೆ ಕೊಟ್ಟಿಗೆಯಲ್ಲಿ ಗೋವಿನಜೋಳದ ತೆನೆಯ ರಾಶಿ ಹಾಕಿಕೊಂಡು ಏಳೆಂಟು ಜನ ಸಿಪ್ಪೆ ಸುಲಿಯಲು ಕುಳಿತಿದ್ದರು. ಒಬ್ಬರ ಮನೆಯ ತೆನೆಗೆ ಓಣಿಯೆಲ್ಲ ಬರುವುದು ಅಲ್ಲಿಯ ಹಳೆಯ ಪದ್ಧತಿ. ರೆಜ್ಕಾ ಕಥೆ ಕಲಿತದ್ದು ಇಂಥ ರಾಶಿಯ ಬದಿಯಲ್ಲೇ. ನಾನಾದರೂ ಕಥೆ ಕೇಳಿದ್ದು ಎಲ್ಲಿ? ರಾಮದುರ್ಗದ ತವರುಮನೆಯ ಪಡಸಾಲೆಯಲ್ಲಿ, ಬೀಜಕ್ಕೆಂದು ಶೇಂಗಾ ಒಡೆಯುವ ಹೆಂಗಸರ ನಡುವೆ. ಒಡೆದದ್ದಕ್ಕಿಂತ ತಿಂದದ್ದು ಹೆಚ್ಚು ಎಂದು ಬೈಸಿಕೊಂಡು ಕೇಳಿದ ಕಥೆಗಳವು. ಆ ರಾಶಿ ಕಂಡಾಗ ನನಗೆ ನಿಜವಾಗಿ ಸಂತೋಷವಾಯಿತು. ವೈನಿಯಂತೂ ಯಾರೂ ಕರೆಯುವ ಮೊದಲೇ ಸೆರಗು ಸಿಕ್ಕಿಸಿ ಕುಳಿತು, ಅವರು ಒಂದು ಸುಲಿಯುವಷ್ಟರಲ್ಲಿ ಎರಡು ಸುಲಿದು ಹಾಕತೊಡಗಿದರು.

ರೆಜ್ಕಾ ಅಲ್ಲೇ ಪ್ರಶ್ನೆ ಶುರು ಮಾಡಿದರು. ಕೈ ಕೆಲಸ ಮಾಡುವಾಗ ಬಾಯಿ ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ.

ಮೊದಲನೆಯದು: "ಕೈ ಸುಟ್ಟುಕೊಂಡಾಗ ನಮ್ಮ ಅಜ್ಜಿ ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾಳೆ?"

ಬೈಗಳ ಇಲಾಖೆಯಲ್ಲಿ ನನ್ನ ಗುರು ವೈನಿ. ಪುಸ್ತಕದ ಬೈಗಳನ್ನೆಲ್ಲ ಅವರಿಂದಲೇ ಬರೆದುಕೊಂಡಿದ್ದೆ. "ವೈನಿ, ನೀವs ಹೇಳ್ರಿ" ಎಂದೆ. ವೈನಿ ಕೈಯ ತೆನೆ ಕೆಳಗಿಟ್ಟು, ಎದುರಿಗೆ ಕುಳಿತ ತೋನೆ ಎಂಬ ಬೋಳುತಲೆಯ ನೆರೆಮನೆಯ ಮುದುಕನನ್ನೇ ನೋಡುತ್ತ, "ನಿನ್ನ ಬಾಯಾಗ ಮಣ್ಣ ಬೀಳ್ಲಿ! ನಿನ್ನ ಒಲಿ ಹಾಳಾಗ್ಲಿ! ನಿನಗ ದೊಡ್ಡ ರೋಗ ಬರ್ಲಿ!" ಎಂದು ಒಂದೇ ಉಸಿರಿಗೆ ಬಿಟ್ಟರು. ತೋನೆ ಬೆಚ್ಚಿ ಹಿಂದೆ ಸರಿದ. ರೆಜ್ಕಾ ತೊಡೆ ತಟ್ಟಿದರು. "ಇವಳೇ! ಇವಳೇ ನಮ್ಮ ಅಜ್ಜಿ!" ಎಂದು ಇನ್ನೊಮ್ಮೆ ಹೇಳಿಸಿದರು. ಮೂರನೆಯ ಸಲ ಕೊಟ್ಟಿಗೆಯವರೆಲ್ಲ ವೈನಿಯ ಜೊತೆ ಸೇರಿ ತೋನೆಗೆ ರಾಮದುರ್ಗದ ಬೈಗಳು ಬೈದರು. ಪಾಪ, ಆ ಮನುಷ್ಯ ಎದ್ದು ನಿಂತು ತಲೆ ಬಾಗಿಸಿ ಸ್ವೀಕರಿಸಿದ.

ಹೀಗೆ ಸಂಜೆಯವರೆಗೆ ಒಂಬತ್ತು ಪ್ರಶ್ನೆಗಳಾದವು. ಓದು ಬಾರದವರ ಪತ್ರಗಳನ್ನು ಓದಿ ಹೇಳುತ್ತಿದ್ದ ಅಂಚೆಯವನು ನಿಮ್ಮ ಪುಸ್ತಕದಲ್ಲೂ ಕೆಟ್ಟ ಸುದ್ದಿಯ ಸಾಲನ್ನು ಹಾರಿಸಿ ಓದುತ್ತಾನೆಯೇ? ಓದುತ್ತಾನೆ. ತಾಯಿ ಗಿರಣಿಯಿಂದ ಬಂದಾಗ ಮೈಬಟ್ಟೆಗೆ ನೂಲಿನ ಎಳೆ ಅಂಟಿದೆಯೇ? ಅಂಟಿದೆ, ನಿಮ್ಮ ತಾಯಿಗೆ ಸೆರಗಿಲ್ಲವಲ್ಲ, ಅಂಗಿಗೆ ಅಂಟಿಸಿದ್ದೇನೆ. ಒಂದೊಂದಕ್ಕೂ ಅವರು ತಲೆ ಆಡಿಸುತ್ತಿದ್ದರು. ಸಹಿ ಕೈಗೆ ಬಂದಂತೆಯೇ ಎಂದು ನಾನು ಉಬ್ಬಿದ್ದೆ.

ಏಳುವಾಗ ರೆಜ್ಕಾ ಹೇಳಿದರು: "ಆ ಹಿಂದಿನ ಅನುವಾದಕನೂ ಒಳ್ಳೆಯವನೇ. ನನಗಿಂತ ತನಗೆ ಹೆಚ್ಚು ಗೊತ್ತು ಎಂದುಕೊಂಡಿದ್ದ, ಅಷ್ಟೇ ಅವನ ತಪ್ಪು. ಹತ್ತನೆಯದನ್ನು ನಾಳೆ ಕೇಳುತ್ತೇನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿಯೇ ಹೆಗಲಿಗೆ ಹೋಯಿತು.

ಮೂರನೆಯ ದಿನ, ಒಲೆ

ಮರುದಿನ ಮಳೆ, ಮೈ ಕೊರೆಯುವ ಚಳಿ. ಬೆಳಿಗ್ಗೆ ಮೊಯ್ತ್ಸಾ ನಡುಮನೆಯ ಗೋಡೆಯ ಆಚೆ ನಿಂತು ಒಂದು ಗೂಡಿನ ಬಾಗಿಲು ತೆಗೆದು ಸೌದೆ ತುಂಬುತ್ತಿದ್ದಳು. ಏನು ಮಾಡುತ್ತಿದ್ದೀ ಎಂದು ಕೇಳಿದೆ. ಒಲೆ ಹೊತ್ತಿಸುತ್ತಿದ್ದೇನೆ, ಈ ವರ್ಷದ ಮೊದಲ ಬೆಂಕಿ ಎಂದಳು. ಈಚೆ ಬಂದು ನೋಡಿದರೆ ನಮ್ಮ ಕಾಳಿನ ಕಣಜ ಬೆಚ್ಚಗಾಗುತ್ತಿತ್ತು.

ನಾನು ನಿಂತಲ್ಲೇ ನಿಂತೆ. ಒಲೆ ಎಂದರೆ ಇದು. ಬೆಂಕಿ ಗೋಡೆಯ ಆಚೆ, ಕಾವು ಈಚೆ. ಇದರೊಳಗೆ ರೊಟ್ಟಿ ಬೇಯುತ್ತದೆ. ಇದರ ಮೇಲೆ ಕಂಬಳಿ ಹಾಸಿಕೊಂಡು ಮಕ್ಕಳು ಮಲಗುತ್ತಾರೆ. ಇಂಗ್ಲಿಷಿನವನು ಎಡವಿರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ ನಾನು, ಒಲೆ ನನಗೆ ಗೊತ್ತಿಲ್ಲವೇ ಎಂಬ ಸೊಕ್ಕಿನಲ್ಲಿ ಒಂದು ಚಿತ್ರ ಹುಡುಕಿ ನೋಡುವ ಗೋಜಿಗೂ ಹೋಗಿರಲಿಲ್ಲ.

ತಿಂಡಿಯ ನಂತರ ರೆಜ್ಕಾ ಮೇಜಿನ ಮುಂದೆ ಕುಳಿತು ಒಪ್ಪಿಗೆಯ ಕಾಗದ ಹರಡಿ, ಅದರ ಮೇಲೆ ಪೆನ್ನಿಟ್ಟರು. ಹತ್ತನೆಯ ಪ್ರಶ್ನೆ ಕೇಳಿದರು: "ನಿಮ್ಮ ಪುಸ್ತಕದಲ್ಲಿ ನಾನು ಎಲ್ಲಿ ಕುಳಿತಿದ್ದೇನೆ?"

ಒಲೆಯ ಮೇಲೆ ಎಂದು ಬಿಟ್ಟರೆ ಮುಗಿಯುತ್ತಿತ್ತು. ಆ ಮನೆಯಲ್ಲಿ ಕನ್ನಡ ಓದಬಲ್ಲವರು ವೈನಿ ಒಬ್ಬರೇ, ಅವರು ನನ್ನವರು. ಸಹಿ ಹಾಕಿಸಿಕೊಂಡು ಊರಿಗೆ ಹೋಗಿ ಗುಟ್ಟಾಗಿ ತಿದ್ದಿಕೊಳ್ಳಲೂ ಬಹುದಿತ್ತು. ನನ್ನ ಕಣ್ಣು ಪೆನ್ನಿನ ಮೇಲೇ ಇತ್ತು. ಆದರೆ ಆ ನೀಲಿ ಕಣ್ಣಿನ ಮುಂದೆ ನನ್ನ ನಾಲಿಗೆ ಸುಳ್ಳಿಗೆ ಹೊರಳಲಿಲ್ಲ. "ಕೆಳಗೆ. ಒಲೆಯ ಪಕ್ಕದ ಕಟ್ಟೆಯ ಮೇಲೆ. ನಾನೇ ನಿಮ್ಮನ್ನು ಇಳಿಸಿದೆ" ಎಂದೆ. ನೆತ್ತಿಗಳಿಗೆ ಕತ್ತರಿ ಆಡಿಸಿದ್ದನ್ನೂ ಹೇಳಿಬಿಟ್ಟೆ. ಮೊಯ್ತ್ಸಾ ಅನುವಾದಿಸಲು ಹಿಂಜರಿದಳು. ಹೇಳಮ್ಮಾ, ಹೇಳು ಎಂದೆ.

ರೆಜ್ಕಾ ಪೆನ್ನು ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡರು.

"ಯಾಕೆ?"

"ನಮ್ಮಲ್ಲಿ ಒಲೆಗೆ ಕಾಲು ತಾಗಿಸುವುದಿಲ್ಲ. ಅವ್ವ ಕಲಿಸಿದ್ದು. ಹುಡುಗಿ ಒಲೆ ಹತ್ತಿ ಕುಳಿತಳು ಎಂದು ಬರೆಯಲು ನನ್ನ ಕೈ ಬರಲಿಲ್ಲ."

ವೈನಿಗೆ ಮಾತು ತಿಳಿಯದಿದ್ದರೂ ಪೆನ್ನು ಜೇಬಿಗೆ ಹೋದದ್ದು ಕಂಡಿತ್ತು. ನನ್ನ ಬೆನ್ನ ಮೇಲೆ ಕೈಯಿಟ್ಟರು.

ರೆಜ್ಕಾ ಕೋಲಿನಿಂದ ಹಲಗೆ ತೋರಿಸಿದರು. "ನೀವು ನನ್ನನ್ನು ಕೂರಿಸಿದ ಕಟ್ಟೆ ಇದೇ. ಇಲ್ಲಿ ಕೂರುತ್ತಿದ್ದವರು ಊರ ಗಂಡಸರು, ಬೆನ್ನು ಕಾಯಿಸಿಕೊಳ್ಳಲು. ಇಲ್ಲಿ ಕುಳಿತಿದ್ದರೆ ನನ್ನನ್ನು ಎಬ್ಬಿಸಿ ಒಳಗೆ ಕಳಿಸುತ್ತಿದ್ದರು. ನಾನು ಲೇಖಕಿ ಆಗುತ್ತಿರಲಿಲ್ಲ. ಹತ್ತಿ ಮೇಲೆ."

ನಾನು ವೈನಿಗೆ ಹೇಳಿದೆ. ಅವರು ಹೌಹಾರಿದರು. "ಒಲಿ ಮ್ಯಾಲ? ಕಾಲಿಟ್ಟು? ಹುಚ್ಚ ಹಿಡದೈತೇನ ನಿನಗ? ಗಂಗವ್ವತ್ತಿ ಮ್ಯಾಲಿಂದ ನೋಡಾಕ ಹತ್ತಿರತಾರ!" ಗಂಗವ್ವ ನನ್ನ ತೀರಿಹೋದ ಅವ್ವ, ಅವರ ಅತ್ತೆ.

"ಹತ್ತಬೇಕ್ರಿ ವೈನಿ. ಹತ್ತಲಿಲ್ಲಂದ್ರ ಪುಸ್ತಕಿಲ್ಲ."

ವೈನಿ ಒಲೆಯನ್ನು ಒಂದು ಸುತ್ತು ನೋಡಿದರು. ಪರ್ಸಿನಿಂದ ಸವದತ್ತಿ ದೇವಿಯ ಅರಿಶಿನದ ಭಂಡಾರದ ಪುಡಿಕೆ ತೆಗೆದು ಹಸಿರು ಬಿಲ್ಲೆಗೆ ಒಂದು ಹಳದಿ ಬೊಟ್ಟಿಟ್ಟು ಕೈ ಮುಗಿದರು. "ತಪ್ಪಾತು ನಮ್ಮವ್ವ, ಪರದೇಶದ ಪದ್ಧತಿ ಇದು, ಹೊಟ್ಟ್ಯಾಗ ಹಾಕ್ಕೋ" ಎಂದು, "ಹೂಂ, ಏರು" ಎಂದರು. ನಾನು ಒಲೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹಲಗೆಯ ಮೇಲೆ ಕಾಲಿಟ್ಟು ಹತ್ತಿದೆ. ಅರವತ್ತೆರಡರ ಹರೆಯದಲ್ಲಿ ಅದು ಸುಲಭವಿರಲಿಲ್ಲ. ವೈನಿ ಕೆಳಗಿನಿಂದ ತಳ್ಳಿದರು, ಮೊಯ್ತ್ಸಾ ಕೈ ಹಿಡಿದೆಳೆದಳು. ಬೆಚ್ಚಗಿನ ಕಂಬಳಿಯ ಮೇಲೆ ಬಿದ್ದುಕೊಂಡೆ. ಸೇಬಿನ ವಾಸನೆ. ಎಂಥ ಸುಖ! ಕಾವು ಸೊಂಟದೊಳಕ್ಕೆ ಇಳಿಯಿತು. ಕೆಳಗೆ ನೋಡಿದೆ.

ಮೇಜು, ಅದರ ಮೇಲಿನ ಕೈಗಳು. ಮೊಯ್ತ್ಸಾಳ ನೆತ್ತಿಯ ಸುಳಿ. ಬಾಗಿಲು ತೆಗೆದು ತೋನೆ ಬಂದ, ಕಂಡದ್ದು ಮಳೆಯಲ್ಲಿ ನೆನೆದ ಬೋಳು ತಲೆ, ಅದರ ನಡುವೆ ಉಳಿದ ಐದಾರು ಕೂದಲು. ಅವನು ಹಲಗೆಯ ಮೇಲೆ ಕುಳಿತು ಕಿಟಕಿಯತ್ತ ಕೈ ಮಾಡುತ್ತ ರೆಜ್ಕಾ ಜೊತೆ ಹವೆಯ ಬಗ್ಗೆ ಮಾತಾಡಿದ. ತಲೆ ಎತ್ತಲೇ ಇಲ್ಲ. ರೆಜ್ಕಾ ನೀರು ತರಲು, ಮೊಯ್ತ್ಸಾ ವೈನಿಯನ್ನು ಕರೆದುಕೊಂಡು ಸೌದೆ ತರಲು ಆಚೆ ಹೋದದ್ದೇ ತಡ, ತಟ್ಟೆಯಲ್ಲಿದ್ದ ವಾಲ್‌ನಟ್ ಹೂರಣದ ರೊಟ್ಟಿಯ ಎರಡು ತುಂಡು ಕೋಟಿನ ಜೇಬಿಗಿಳಿಸಿ, ಜೇಬಿನ ಮೇಲೆ ಎರಡು ಸಲ ತಟ್ಟಿ, ದೇವರಂಥ ಮುಖ ಮಾಡಿಕೊಂಡು ಕುಳಿತ. ನಾನು ಬಾಯಿಗೆ ಕಂಬಳಿ ತುರುಕಿಕೊಂಡು ನಕ್ಕೆ. ದೊಡ್ಡವರು ಮೇಲೆ ನೋಡುವುದೇ ಇಲ್ಲ! ಮಗು ಮಲಗಿದೆ ಎಂದುಕೊಂಡು ಇಡೀ ಊರು ಈ ಹಲಗೆಯ ಮೇಲೆ ಕುಳಿತು ತನ್ನ ಗುಟ್ಟು ಬಿಚ್ಚಿತ್ತು. ಮಗು ಕಣ್ಣು ಮುಚ್ಚಿ, ಕಿವಿ ತೆರೆದು, ಎಲ್ಲರ ನೆತ್ತಿಯ ಲೆಕ್ಕ ಇಟ್ಟಿತ್ತು. ನಾನು ಕತ್ತರಿಸಿದ್ದು ಚಟವನ್ನಲ್ಲ, ಅವಳ ಕಣ್ಣನ್ನೇ.

ನಾಚಿಕೆಯಾಯಿತು. ಜೊತೆಗೇ ಹೇಳಲಾರದಷ್ಟು ಖುಷಿಯೂ ಆಯಿತು. ಎರಡು ಮಳೆಗಾಲ ಒದ್ದಾಡಿ ಅರ್ಥವಾಗದ ಪುಸ್ತಕ ಕಂಬಳಿಯ ಮೇಲೆ ಬೋರಲಾಗಿ ಮಲಗಿದಾಗ ತಿಳಿಯಿತು.

ತೋನೆ ಹೋದ ಮೇಲೆ ನನ್ನ ಅನುವಾದದ ಹಾಳೆಗಳ ಕಟ್ಟನ್ನು ಮೇಲಕ್ಕೆ ಕೊಡು ಎಂದು ಮೊಯ್ತ್ಸಾಳಿಗೆ ಹೇಳಿದೆ. ಕಟ್ಟೆ ಎಂದಿದ್ದಲ್ಲೆಲ್ಲ ಹೊಡೆದುಹಾಕಿ ಒಲೆ ಎಂದು ಬರೆದೆ. ಕತ್ತರಿಸಿದ ನೆತ್ತಿಗಳನ್ನು ಒಂದೊಂದಾಗಿ ತಿರುಗಿ ಹಚ್ಚಿದೆ. ಚಳಿ ತಡೆಯಲಾರದೆ ವೈನಿಯೂ ಒಲೆಗೆ ಇನ್ನೊಂದು ನಮಸ್ಕಾರ ಹಾಕಿ ಹತ್ತಿಬಂದವರು, ಐದು ನಿಮಿಷದಲ್ಲಿ ನನ್ನ ಪಕ್ಕ ಗೊರಕೆ ಹೊಡೆಯತೊಡಗಿದರು. ಗಂಗವ್ವತ್ತಿಯ ಭಯ ಎಲ್ಲಿ ಹೋಯಿತೋ ಕಾಣೆ.

ಮಧ್ಯಾಹ್ನವೆಲ್ಲ ರೆಜ್ಕಾ ಕೆಳಗೆ ಮೇಜಿನ ಮುಂದೆ ಅವರೆ ಬಿಡಿಸುತ್ತ ಕುಳಿತಿದ್ದರು. ಮುಗಿಯಿತು ಎಂದು ನಾನು ಹೇಳಿದಾಗ, ತಲೆ ಎತ್ತದೆಯೇ ಕೇಳಿದರು: "ನನಗೆ ಹತ್ತಲು ಆಗದೆ ಎಷ್ಟೋ ವರ್ಷವಾಯಿತು. ಮೇಲಿನಿಂದ ನನ್ನ ತಲೆ ಹೇಗೆ ಕಾಣುತ್ತದೆ?"

ವೈನಿ ಎಚ್ಚರಗೊಂಡಿದ್ದರು. ಏನು ಕೇಳುತ್ತಿದ್ದಾರೆಂದು ನಾನು ಹೇಳಿದ ಕೂಡಲೇ, "ಚಂದ ಕಾಣತೈತಿ ಅನ್ನು. ಹಿರೇ ಮನಷಾಳು, ಬ್ಯಾಸರಾ ಮಾಡ್ಕೊಂಡಾಳು" ಎಂದು ತಿವಿದರು. ಸಹಿಯ ಆಸೆ ನನಗಿನ್ನೂ ಬಿಟ್ಟಿರಲಿಲ್ಲ. ಆದರೂ ಬಗ್ಗಿ, ಆ ಬಿಳಿಯ ತಲೆಯನ್ನು ಚೆನ್ನಾಗಿ ನೋಡಿದೆ.

"ಕೂದಲು ತೆಳ್ಳಗಾಗಿದೆ. ನೆತ್ತಿಯ ಚರ್ಮ ಗುಲಾಬಿ ಬಣ್ಣ. ಬೈತಲೆ ಎಡಕ್ಕೆ ಓರೆಯಾಗಿದೆ, ಹಿಂದೆ ಹೋಗುತ್ತ ದಾರಿ ತಪ್ಪಿದೆ. ಕನ್ನಡಿ ನೋಡದೆ ಬಾಚಿಕೊಂಡಿದ್ದೀರಿ" ಎಂದೆ.

ಮೊಯ್ತ್ಸಾ ಒಂದೊಂದೇ ಮಾತು ಮುಟ್ಟಿಸಿದಳು. ರೆಜ್ಕಾ ಅವರ ಕೈ ಅವರೆಯ ಮೇಲೆ ನಿಂತಿತು. ಆ ಕೈ ಮೆಲ್ಲಗೆ ನೆತ್ತಿಗೆ ಹೋಗಿ, ಬೈತಲೆಯನ್ನು ಬೆರಳಿನಿಂದ ಹಿಂದಿನವರೆಗೆ ತಡವಿ ನೋಡಿತು.

"ಅಜ್ಜಿಯದೂ ಹಾಗೇ ಇತ್ತು" ಎಂದು ಹೇಳಿ, ಏಪ್ರನ್ನಿನ ಜೇಬಿನಿಂದ ಪೆನ್ನು ತೆಗೆದರು.